ಪಿಕಪ್‌ಗೆ ಎಷ್ಟು ಮೂಟೆ ಹಾಕಬಹುದು? ವೇಬ್ರಿಡ್ಜ್ ಚೀಟಿಯಿಂದ ಮಾಡುವ ಲೆಕ್ಕ

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟವಿದೆ. ಮನೆಯ ಪಿಕಪ್‌ನಲ್ಲೇ ಚೆರಿ (ಸಿಪ್ಪೆ ಸಹಿತ ಒಣಗಿಸಿದ ಕಾಫಿ ಹಣ್ಣು) ಮೂಟೆಗಳನ್ನು ಕುಶಾಲನಗರದ ಕ್ಯೂರಿಂಗ್‌ಗೆ (ಕಾಫಿ ಸಂಸ್ಕರಿಸುವ ಕಾರ್ಖಾನೆಗೆ) ಕಳಿಸುತ್ತೇವೆ. ವಾಪಸ್ ಬರುವಾಗ ಗೊಬ್ಬರವೋ ಎಂ-ಸ್ಯಾಂಡೋ ಬರುತ್ತದೆ. ತೂಕದ ತಪಾಸಣೆ ಲಾರಿಗಳಿಗೆ ಮಾತ್ರ, ಚಿಕ್ಕ ಗಾಡಿಗೆ ಇಲ್ಲ ಎಂದು ಡ್ರೈವರ್ ಹೇಳುತ್ತಾನೆ. ನಿಜವೇ? ಮಾರುವಾಗ ಇದು 1.3 ಟನ್ ಗಾಡಿ ಎಂದಿದ್ದರು. ಹಾಗಾದರೆ 50 ಕೆ.ಜಿ.ಯ 26 ಮೂಟೆ ಹಾಕಬಹುದಲ್ಲವೇ? ಹಿಂದೆ ಇನ್ನೊಂದು ಕಮಾನ್ ಪ್ಲೇಟ್ (ಸ್ಪ್ರಿಂಗ್ ಪಟ್ಟಿ) ಹಾಕಿಸಿದರೆ ಇನ್ನಷ್ಟು ಹಾಕಬಹುದೇ? ದಾರಿಯಲ್ಲಿ ನಿಲ್ಲಿಸಿ ತೂಕ ಮಾಡಿಸಿದರೆ ಏನು ಮಾಡಬೇಕು?

ಉತ್ತರ: ನಿಮ್ಮ ಡ್ರೈವರ್ ಹೇಳಿದ್ದು ತಪ್ಪು. ಮೋಟಾರು ವಾಹನ ಕಾಯ್ದೆ 1988ರ 113ನೇ ಕಲಂನಲ್ಲಿ ಲಾರಿ, ಪಿಕಪ್ ಎಂಬ ಭೇದವಿಲ್ಲ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕವನ್ನು ಮೀರಿದ ಯಾವ ವಾಹನವನ್ನೂ ಸಾರ್ವಜನಿಕ ಜಾಗದಲ್ಲಿ ಓಡಿಸಬಾರದು, ಓಡಿಸಲು ಬಿಡಲೂ ಬಾರದು. ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ಗಾಡಿ ಕಾನೂನಿನ ಲೆಕ್ಕದಲ್ಲಿ ಲಘು ಮೋಟಾರು ವಾಹನ (ಎಲ್‌ಎಂವಿ). ಅದರಿಂದ ಲೈಸೆನ್ಸಿನ ವಿಷಯದಲ್ಲಿ ಅನುಕೂಲವಿದೆ. ಎಲ್‌ಎಂವಿ ಲೈಸೆನ್ಸ್ ಇರುವವರು ಇಂಥ ಸರಕು ಗಾಡಿ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಕೂಡ ಬೇಕಿಲ್ಲ. ತೂಕದ ಮಿತಿಯಲ್ಲಿ ಮಾತ್ರ ಇಂಥ ವಿನಾಯಿತಿ ಇಲ್ಲ. ಪರ್ಮಿಟ್ ಬೇಡ ಎಂಬುದನ್ನು ಕೇಳಿ ತಪಾಸಣೆಯೂ ಇಲ್ಲ ಎಂದುಕೊಂಡವರು ಬಹಳ ಮಂದಿ. ನಿಮ್ಮ ಡ್ರೈವರ್‌ಗೂ ಗೊಂದಲ ಅಲ್ಲೇ ಆಗಿರಬೇಕು.

ದಂಡದ ಮೊತ್ತವೂ ಗಾಡಿಯ ಗಾತ್ರ ನೋಡಿ ಇಳಿಯುವುದಿಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ 194ನೇ ಕಲಂನಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿ, ಜೊತೆಗೆ ಹೆಚ್ಚಿನ ಸರಕು ಇಳಿಸುವ ಖರ್ಚು. ಹಿಂದೆ ಮೂಲ ದಂಡ 2,000 ಇತ್ತು. ಹತ್ತು ಟನ್ ಹೇರುವ ಲಾರಿಗೂ ಒಂದು ಟನ್ ಹೇರುವ ಪಿಕಪ್‌ಗೂ ಮೂಲ ದಂಡ ಒಂದೇ ಆದ್ದರಿಂದ ಚಿಕ್ಕ ಗಾಡಿಯವರಿಗೇ ಇದರ ಪೆಟ್ಟು ಜೋರು. ನಾಲ್ಕು ಮೂಟೆ ಹೆಚ್ಚು ಹಾಕಿ ಉಳಿಸುವುದು ಒಂದು ಟ್ರಿಪ್ಪಿನ ಡೀಸೆಲ್‌ನ ಒಂದು ಪಾಲು. ಸಿಕ್ಕಿಬಿದ್ದರೆ ಹೋಗುವುದು ಇಡೀ ಸೀಸನ್ನಿನ ಡೀಸೆಲ್ ಹಣ.

ಈಗ ನಿಮ್ಮ 26 ಮೂಟೆಯ ಲೆಕ್ಕ. ತಪ್ಪು ಆಗುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ.

ಆರ್‌ಸಿಯಲ್ಲಿ ಎರಡು ಸಂಖ್ಯೆಗಳಿರುತ್ತವೆ. ಒಂದು ಖಾಲಿ ತೂಕ, ಇನ್ನೊಂದು ಲೋಡ್ ಸಹಿತ ಒಟ್ಟು ತೂಕ. ಉದಾಹರಣೆಗೆ ಖಾಲಿ ತೂಕ 1,680, ಒಟ್ಟು ತೂಕ 2,980 ಎಂದಿಟ್ಟುಕೊಳ್ಳಿ. ವ್ಯತ್ಯಾಸ 1,300. ಮಾರುವವರು ‘1.3 ಟನ್’ ಎನ್ನುವುದು ಇದನ್ನೇ. ಆದರೆ ಕಾಯ್ದೆಯಲ್ಲಿ ಖಾಲಿ ತೂಕ ಎಂದರೆ ಗಾಡಿ ಮತ್ತು ಅದರ ಜೊತೆ ಯಾವಾಗಲೂ ಇರುವ ಸಲಕರಣೆ ಮಾತ್ರ. ಡ್ರೈವರ್, ಕ್ಲೀನರ್ ಅದರೊಳಗೆ ಸೇರಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ವೇಬ್ರಿಡ್ಜ್ (ಗಾಡಿ ತೂಗುವ ಯಂತ್ರ) ಮೇಲೆ ನಿಂತಾಗ ಅವರ ತೂಕವೂ ಬೀಳುತ್ತದೆ. ಅಂದರೆ ಆ 1,300 ಕೆ.ಜಿ.ಯಲ್ಲಿ ಮೊದಲ ಪಾಲು ಕ್ಯಾಬಿನ್‌ನಲ್ಲಿ ಕೂತವರದು. ಡ್ರೈವರ್ ಮತ್ತು ಜೊತೆಗೊಬ್ಬರು, ತಲಾ 70ರಂತೆ 140 ಕೆ.ಜಿ.

ಮುಂದೆ, ಗಾಡಿ ಕೊಂಡ ಮೇಲೆ ನೀವು ಸೇರಿಸಿದ್ದು. ನಮ್ಮ ಕಡೆಯ ತೋಟದ ಪಿಕಪ್‌ಗಳಲ್ಲಿ ಬಾಡಿಗೆ ಕಬ್ಬಿಣದ ಪೈಪಿನ ಚೌಕಟ್ಟು, ಎತ್ತರಿಸಿದ ಗ್ರಿಲ್, ನೆಲಕ್ಕೆ ದಪ್ಪ ತಗಡು ಇಲ್ಲದ್ದು ಅಪರೂಪ. ಇದೆಲ್ಲ ಸೇರಿ 60 ಕೆ.ಜಿ. ಸುಲಭವಾಗಿ ಆಗುತ್ತದೆ. ಟಾರ್ಪಾಲ್, ಹಗ್ಗ, ಮರದ ಅಡೆಗಳಿಗೆ 25 ಹಿಡಿಯಿರಿ. ಒದ್ದೆ ಟಾರ್ಪಾಲ್ ಒಣಗಿದ್ದಕ್ಕಿಂತ ಭಾರ ಎಂಬುದು ಮಡಚಿ ಹೊತ್ತವರಿಗೆಲ್ಲ ಗೊತ್ತು. 1,300ರಲ್ಲಿ 140, 60, 25 ಕಳೆದರೆ 1,075 ಉಳಿಯಿತು.

ಇನ್ನು ಮೂಟೆ. 50 ಕೆ.ಜಿ. ಎಂಬುದು ಕಾಫಿಯ ತೂಕ, ಗೋಣಿಚೀಲದ್ದು ಬೇರೆ. ಚೀಲ ಸೇರಿ ಮೂಟೆಗೆ 51 ಎಂದು ಹಿಡಿದರೆ 21 ಮೂಟೆಗೆ 1,071 ಕೆ.ಜಿ. ಮಿತಿಗೆ ನಾಲ್ಕೇ ಕೆ.ಜಿ. ಬಾಕಿ. ಸರಿಯಾಗಿ ಒಣಗದ ಚೆರಿಯಾದರೆ ಅದೂ ಇಲ್ಲ. ಈ ಗಾಡಿಗೆ 20 ಮೂಟೆ ಸುರಕ್ಷಿತ ಸಂಖ್ಯೆ. ನೀವು ಹೇಳಿದ 26 ಹಾಕಿದರೆ ವೇಬ್ರಿಡ್ಜ್ ತೋರಿಸುವುದು ಸುಮಾರು 3,231 ಕೆ.ಜಿ., ಅಂದರೆ 251 ಕೆ.ಜಿ. ಹೆಚ್ಚು. ಯಾರೂ ಬೇಕೆಂದು ಓವರ್‌ಲೋಡ್ ಮಾಡಿದ್ದಲ್ಲ, ಗುಣಾಕಾರದಲ್ಲೂ ತಪ್ಪಿಲ್ಲ, ಆದರೂ ಕೇಸು ಆಗುತ್ತದೆ. ನಿಮ್ಮ ಆರ್‌ಸಿಯ ಸಂಖ್ಯೆಗಳನ್ನು ಹಾಕಿ ಇದೇ ಲೆಕ್ಕ ಮಾಡಿ.

ಆ ಕಬ್ಬಿಣದ ಚೌಕಟ್ಟಿನ ಬಗ್ಗೆ ಇನ್ನೊಂದು ಮಾತು. 113ನೇ ಕಲಂ ಒಟ್ಟು ತೂಕದ ಬಗ್ಗೆ ಮಾತ್ರ ಹೇಳುವುದಿಲ್ಲ. ಗಾಡಿಯ ಖಾಲಿ ತೂಕ ಆರ್‌ಸಿಯಲ್ಲಿರುವ ಖಾಲಿ ತೂಕವನ್ನು ಮೀರಿದರೆ ಅದೂ ಉಲ್ಲಂಘನೆ. ಸರಕೇ ಇಲ್ಲದ ಗಾಡಿಯೂ ನಿಯಮ ಮೀರಿರಬಹುದು ಎಂದಾಯಿತು. ಬಾಡಿ ಬದಲಾಯಿಸಿದ್ದರೆ ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದಿಸಿಕೊಳ್ಳಿ. ನಮೂದಾದರೂ ಒಟ್ಟು ತೂಕದ ಮಿತಿ ಏರುವುದಿಲ್ಲ, ಸರಕಿನ ಪಾಲು ಅಷ್ಟು ಕಡಿಮೆಯಾಗುತ್ತದೆ ಅಷ್ಟೆ. ವರ್ಷಕ್ಕೆ ಎರಡು ಸಲ ಬೇಕಾಗುವ ಗ್ರಿಲ್ ಆದರೆ ಬೋಲ್ಟ್ ಹಾಕಿ ಬಿಚ್ಚುವಂತೆ ಮಾಡಿಸುವುದು ಮೇಲು.

ವಾಪಸ್ ಬರುವ ಸರಕಿನಲ್ಲಿ ಗೊಬ್ಬರದ ಲೆಕ್ಕ ಸುಲಭ. ಯೂರಿಯಾ ಚೀಲ 45 ಕೆ.ಜಿ., ಡಿಎಪಿ, ಪೊಟ್ಯಾಷ್ 50, ಸಿಮೆಂಟ್ 50. ಶುಂಠಿ ಮೂಟೆ ವ್ಯಾಪಾರದಲ್ಲಿ 60 ಕೆ.ಜಿ.ಯದು, ಅದರ ಮೇಲೆ ಅಂಟಿದ ಮಣ್ಣು. ಎಡವಟ್ಟಾಗುವುದು ಎಂ-ಸ್ಯಾಂಡ್‌ನಲ್ಲಿ, ಯಾಕೆಂದರೆ ಅದನ್ನು ಕಣ್ಣಳತೆಯಲ್ಲಿ ತುಂಬುತ್ತಾರೆ. ಒಂದು ಘನ ಅಡಿ ಮರಳು ಸುಮಾರು 45 ಕೆ.ಜಿ. ತೂಗುತ್ತದೆ. ನಿಮ್ಮ ಬಾಡಿ 9 ಅಡಿ ಉದ್ದ, 5.5 ಅಡಿ ಅಗಲ ಇದ್ದರೆ ಒಂದಡಿ ಎತ್ತರ ತುಂಬಿದರೆ 49.5 ಘನ ಅಡಿ, ಅಂದರೆ ಎರಡು ಟನ್ ದಾಟಿ 2,200 ಕೆ.ಜಿ. ಮೇಲೆ. 1,075 ಕೆ.ಜಿ.ಗೆ ಸಿಗುವುದು 24 ಘನ ಅಡಿಗೆ ಕಡಿಮೆ. ಬಾಡಿಯಲ್ಲಿ ಅರ್ಧ ಅಡಿ ಎತ್ತರವೂ ಆಗುವುದಿಲ್ಲ. ನೋಡುವವರಿಗೆ ಗಾಡಿ ಖಾಲಿಯೇ ಇದೆ ಎನಿಸುತ್ತದೆ. ಹಾಗೆ ಕಂಡಿತೆಂದು ಇನ್ನೆರಡು ಬುಟ್ಟಿ ಸುರಿಸಬೇಡಿ. ಬಾಡಿಯ ಒಳಗೋಡೆಗೆ ಅಳತೆಯ ಎತ್ತರದಲ್ಲಿ ಬಣ್ಣದ ಗೆರೆ ಎಳೆದಿಡಿ, ಲೋಡ್ ಮಾಡುವವರಿಗೆ ಅದನ್ನೇ ತೋರಿಸಿ. ಮುಚ್ಚದೆ ತಂದ ಮರಳು ದಾರಿಯ ಮಳೆ ಕುಡಿದು ಇನ್ನೂ ಭಾರವಾಗುತ್ತದೆ. ಮರಳು, ಜಲ್ಲಿಗೆ ಗಣಿ ಇಲಾಖೆಯ ಎಂಡಿಪಿ (ಖನಿಜ ಸಾಗಣೆ) ಪರವಾನಗಿ ಜೊತೆಗಿರಬೇಕು. ಅದರಲ್ಲಿ ಬರೆದ ಟನ್ ಮತ್ತು ವೇಬ್ರಿಡ್ಜ್ ಚೀಟಿಯ ಟನ್ ಬೇರೆಯಾದರೆ ಓವರ್‌ಲೋಡ್ ಜೊತೆಗೆ ಗಣಿ ನಿಯಮದ ಪ್ರಶ್ನೆಯೂ ಏಳುತ್ತದೆ.

ಈ ಲೆಕ್ಕಕ್ಕೆಲ್ಲ ಅಡಿಪಾಯ ನಿಮ್ಮ ಗಾಡಿಯ ನಿಜವಾದ ಖಾಲಿ ತೂಕ. ಅದನ್ನು ಒಮ್ಮೆ ಸರಿಯಾಗಿ ತೂಗಿಸಿ ಇಟ್ಟುಕೊಳ್ಳಿ. ಟ್ಯಾಂಕ್ ತುಂಬ ಡೀಸೆಲ್ ಹಾಕಿಸಿ. ಡೀಸೆಲ್ ಲೀಟರಿಗೆ ಸುಮಾರು 0.83 ಕೆ.ಜಿ., 50 ಲೀಟರಿನ ಟ್ಯಾಂಕಿನಲ್ಲಿ 40 ಕೆ.ಜಿ. ಮೇಲೆ ಇರುತ್ತದೆ. ಸ್ಟೆಪ್ನಿ, ಜಾಕಿ, ಟಾರ್ಪಾಲ್, ಹಗ್ಗ ಎಲ್ಲ ಗಾಡಿಯಲ್ಲಿರಲಿ. ಚಾಸಿಗೆ ಅಂಟಿದ ಕೆಸರು ತೊಳೆಯಿರಿ. ವೇಬ್ರಿಡ್ಜ್ ಹತ್ತುವ ಮುನ್ನ ಪರದೆಯಲ್ಲಿ ಸೊನ್ನೆ ಇದೆಯೇ ನೋಡಿ. ಮಳೆಗಾಲದಲ್ಲಿ ಇದು ಬಹಳ ಮುಖ್ಯ. ಪ್ಲಾಟ್‌ಫಾರಂ ಮೇಲೆ ನಿಂತ ನೀರು, ಹಿಂದಿನ ಲಾರಿ ಬೀಳಿಸಿದ ಮಣ್ಣು ತೂಕಕ್ಕೆ ಸೇರುತ್ತದೆ. ಅಂಚಿನ ಸಂದಿನಲ್ಲಿ ಜಲ್ಲಿ ಸಿಕ್ಕಿಕೊಂಡರೆ ಪ್ಲಾಟ್‌ಫಾರಂ ಪೂರ್ತಿ ಕೆಳಗಿಳಿಯದೆ ತೂಕ ಕಡಿಮೆ ತೋರಿಸುತ್ತದೆ. ಕಡಿಮೆ ತೋರಿಸಿದರೆ ಖುಷಿಪಡಬೇಡಿ. ಮುಂದಿನ ವೇಬ್ರಿಡ್ಜ್ ಸರಿಯಾಗಿದ್ದರೆ ನೀವು ಅಲ್ಲಿ ಸಿಕ್ಕಿಬೀಳುತ್ತೀರಿ. ನಾಲ್ಕೂ ಚಕ್ರ ಮೇಲೆ ಬಂದು ನಿಂತ ಮೇಲೆ ಅಂಕಿ ಅಲುಗಾಡುವುದು ನಿಲ್ಲುವವರೆಗೆ ಕಾಯಿರಿ. ಡ್ರೈವರ್ ಇಳಿದು ಒಂದು ಚೀಟಿ, ಕ್ಯಾಬಿನ್‌ನಲ್ಲಿ ಎಂದಿನವರು ಕೂತು ಇನ್ನೊಂದು ಚೀಟಿ ತೆಗೆಸಿ. ಎರಡನೆಯದನ್ನು ಆರ್‌ಸಿಯ ಒಟ್ಟು ತೂಕದಿಂದ ಕಳೆದರೆ ಬರುವುದೇ ನೀವು ಹೇರಬಹುದಾದ ಸರಕು. ಆ ಒಂದು ಸಂಖ್ಯೆಯನ್ನು ಡ್ಯಾಶ್‌ಬೋರ್ಡ್ ಮೇಲೆ ಬರೆದು ಅಂಟಿಸಿ.

ವೇಬ್ರಿಡ್ಜ್ ನಂಬಬಹುದೇ ಎಂಬ ಅನುಮಾನವಿದ್ದರೆ ಪರೀಕ್ಷಿಸಲು ಸುಲಭದ ಉಪಾಯವಿದೆ. ಪಿಕಪ್ ಚಿಕ್ಕದು, ಪ್ಲಾಟ್‌ಫಾರಂ ಉದ್ದ. ಗಾಡಿಯನ್ನು ಮುಂದಿನ ತುದಿಯಲ್ಲಿ, ನಡುವೆ, ಹಿಂದಿನ ತುದಿಯಲ್ಲಿ ನಿಲ್ಲಿಸಿ ಮೂರು ಸಲ ಓದಿ. ಮೂರೂ ಒಂದೇ ಇರಬೇಕು, ಹೆಚ್ಚೆಂದರೆ ಯಂತ್ರದ ಒಂದು ಹೆಜ್ಜೆ, ಅಂದರೆ 5 ಅಥವಾ 10 ಕೆ.ಜಿ. ಆಚೀಚೆ. ಒಂದು ತುದಿಯಲ್ಲಿ 40–50 ಕೆ.ಜಿ. ಬದಲಾದರೆ ಅಲ್ಲಿನ ಲೋಡ್ ಸೆಲ್ (ತೂಕ ಅಳೆಯುವ ಭಾಗ) ಕೆಟ್ಟಿರಬೇಕು ಅಥವಾ ಏನೋ ಸಿಕ್ಕಿಕೊಂಡಿರಬೇಕು. ಕಾನೂನು ಮಾಪನ ನಿಯಮದಂತೆ ವೇಬ್ರಿಡ್ಜ್‌ಗೆ 12 ತಿಂಗಳಿಗೊಮ್ಮೆ ಪರಿಶೀಲನೆ ಆಗಿ ಮುದ್ರೆ ಬೀಳಬೇಕು. ಆ ಪ್ರಮಾಣಪತ್ರವನ್ನು ಕೇಳಿ ನೋಡುವ ಹಕ್ಕು ನಿಮಗಿದೆ. 10 ಕೆ.ಜಿ. ಹೆಜ್ಜೆಯ ಯಂತ್ರ ಬಳಕೆಯಲ್ಲಿರುವಾಗ 5 ಟನ್ ಒಳಗಿನ ತೂಕಕ್ಕೆ 10 ಕೆ.ಜಿ. ಆಚೀಚೆಯಾಗಬಹುದು, ಅದಕ್ಕಿಂತ ಹೆಚ್ಚಲ್ಲ. ಹಾಗಾಗಿ 251 ಕೆ.ಜಿ. ಹೆಚ್ಚಿರುವಾಗ ‘ಮೆಷಿನ್ ತಪ್ಪು’ ಎಂಬ ವಾದ ನಿಲ್ಲುವುದಿಲ್ಲ. 15–20 ಕೆ.ಜಿ. ಹೆಚ್ಚಿದ್ದರೆ ಮರುತೂಕ ಕೇಳುವುದರಲ್ಲಿ ಅರ್ಥವಿದೆ. ಲೋಡ್ ಮಾಡುವಾಗಲೇ ಮಿತಿಗಿಂತ 50 ಕೆ.ಜಿ. ಕೆಳಗೆ ನಿಲ್ಲಿಸಿದರೆ ಆ ಪ್ರಶ್ನೆಯೇ ಬರುವುದಿಲ್ಲ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮೇಲಿನ ತೂಕದ ಮಿತಿ ಏರಿಸಿತಲ್ಲ, ನಮಗೂ ಅಷ್ಟು ಹೆಚ್ಚು ಹಾಕಬಹುದು ಎನ್ನುವವರಿದ್ದಾರೆ. ಏರಿಸಿದ್ದು ನಿಜ. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು. ನಿಮ್ಮ ಪಿಕಪ್‌ನ ಹಿಂದಿನ ಆಕ್ಸಲ್ ಆ ಸಂಖ್ಯೆಯ ಹತ್ತಿರಕ್ಕೂ ಹೋಗುವುದಿಲ್ಲ, ಅಧಿಕಾರಿ ನೋಡುವುದೂ ನಿಮ್ಮ ಆರ್‌ಸಿಯನ್ನು. ಅಲ್ಲಿ 2,980 ಇದ್ದರೆ ಮಿತಿ 2,980.

ಕಮಾನ್ ಪ್ಲೇಟ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಇದು. ಪ್ಲೇಟ್ ಸೇರಿಸಿದರೆ ಗಾಡಿ ಹಿಂದೆ ಕುಸಿಯುವುದಿಲ್ಲ, ಆದ್ದರಿಂದ ತಾಳುತ್ತದೆ ಎನಿಸುತ್ತದೆ. ಆದರೆ ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್ ಯಾವುದೂ ಬಲವಾಗಿಲ್ಲ. ಇನ್ನೂ ಒಂದು ಅಪಾಯವಿದೆ, ಅದು ಗ್ಯಾರೇಜಿನಲ್ಲೂ ಎಲ್ಲರಿಗೂ ಗೊತ್ತಿರುವುದಿಲ್ಲ. ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಲೋಡ್ ನೋಡಿ ಒತ್ತಡ ಕೊಡುವ ವಾಲ್ವ್ ಇರುತ್ತದೆ, ಎಲ್‌ಎಸ್‌ಪಿವಿ ಎನ್ನುತ್ತಾರೆ. ಚಾಸಿಗೆ ಕೂರಿಸಿ, ಒಂದು ಕಡ್ಡಿಯಿಂದ ಆಕ್ಸಲ್‌ಗೆ ಜೋಡಿಸಿರುತ್ತಾರೆ. ಲೋಡ್ ಬಿದ್ದು ಚಾಸಿ ಕೆಳಗಿಳಿದಾಗ ಈ ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಪ್ಲೇಟ್ ಸೇರಿಸಿದ ಗಾಡಿ ಕುಸಿಯುವುದೇ ಇಲ್ಲವಾದ್ದರಿಂದ ವಾಲ್ವ್ ಗಾಡಿ ಖಾಲಿ ಇದೆ ಎಂದೇ ತಿಳಿಯುತ್ತದೆ. ಹಿಂದೆ ಒಂದೂವರೆ ಟನ್ ಹೊತ್ತಿರುವಾಗ ಹಿಂದಿನ ಬ್ರೇಕಿಗೆ ಖಾಲಿ ಗಾಡಿಯ ಒತ್ತಡ ಮಾತ್ರ ಸಿಗುತ್ತದೆ, ಹೊರೆಯೆಲ್ಲ ಮುಂದಿನ ಬ್ರೇಕಿನ ಮೇಲೆ. ಸಮತಟ್ಟು ರಸ್ತೆಯಲ್ಲಿ ಇದು ತಿಳಿಯದು. ಮಡಿಕೇರಿಯಿಂದ ಸಂಪಾಜೆಗೆ, ಅಥವಾ ವಿರಾಜಪೇಟೆ ಕಡೆಯಿಂದ ಮಾಕುಟ್ಟಕ್ಕೆ ಇಳಿಯುವಾಗ ಮುಂದಿನ ಪ್ಯಾಡ್ ಕಾದು ವಾಸನೆ ಬರುತ್ತದೆ, ಆಮೇಲೆ ಪೆಡಲ್ ಮೆತ್ತಗಾಗುತ್ತದೆ. ಬ್ರೇಕ್ ಆಯಿಲ್ ಹಳೆಯದಾದರೆ ಬೇಗ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿಯವರೆಗೆ ಕುದಿಯದು. ಗಾಳಿಯ ತೇವ ಹೀರಿಕೊಂಡ ಮೇಲೆ ಅದು 140ರ ಹತ್ತಿರಕ್ಕೆ ಇಳಿಯಬಹುದು. ನಮ್ಮ ಜಿಲ್ಲೆಯ ಮಳೆಗಾಲದ ತೇವ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಎರಡು ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಿಸಿ, ಆಗಲೇ ಆ ವಾಲ್ವಿನ ಕಡ್ಡಿ ಬಾಗದೆ, ತುಕ್ಕು ಹಿಡಿಯದೆ ಆಡುತ್ತಿದೆಯೇ ನೋಡಿಸಿ. ಪ್ಲೇಟ್ ಮಾತ್ರ ಬೇಡವೇ ಬೇಡ.

ಟೈರಿನಲ್ಲೂ ಮಿತಿ ಬರೆದಿರುತ್ತದೆ. ಪಕ್ಕದ ಗೋಡೆಯಲ್ಲಿ ಅಳತೆಯ ನಂತರ ಇರುವ ಸಂಖ್ಯೆ 104 ಆದರೆ ಒಂದು ಟೈರಿಗೆ 900 ಕೆ.ಜಿ., 108 ಆದರೆ 1,000, 112 ಆದರೆ 1,120. ಗಾಳಿ ಸರಿಯಾಗಿದ್ದರೆ ಮಾತ್ರ. ಬದಲಿಸುವಾಗ ಅಗ್ಗಕ್ಕೆ ಸಿಕ್ಕಿತೆಂದು ಕಡಿಮೆ ಸಂಖ್ಯೆಯದನ್ನು ಹಾಕಿಸಬೇಡಿ.

ಒಟ್ಟು ತೂಕ ಸರಿಯಿದ್ದರೂ ಮೂಟೆ ಜೋಡಿಸುವುದು ತಪ್ಪಾದರೆ ಹಿಂದಿನ ಆಕ್ಸಲ್ ಮಿತಿ ಮೀರಬಹುದು. ಎರಡು ಆಕ್ಸಲ್‌ಗಳ ನಡುವೆ 3 ಮೀಟರ್ ಇರುವ ಗಾಡಿಯಲ್ಲಿ 1,000 ಕೆ.ಜಿ. ಸರಕಿನ ನಡುಬಿಂದು ಹಿಂದಿನ ಆಕ್ಸಲ್‌ಗಿಂತ 20 ಸೆಂ.ಮೀ. ಮುಂದಿದ್ದರೆ ಹಿಂದಕ್ಕೆ 933, ಮುಂದಕ್ಕೆ 67 ಕೆ.ಜಿ. ಬೀಳುತ್ತದೆ. ಅದೇ ಸರಕಿನ ನಡುಬಿಂದು ಆ ಆಕ್ಸಲ್‌ಗಿಂತ 30 ಸೆಂ.ಮೀ. ಹಿಂದಿದ್ದರೆ ಹಿಂದಿನ ಆಕ್ಸಲ್‌ಗೆ 1,100 ಬಿದ್ದು, ಮುಂದಿನ ಆಕ್ಸಲ್‌ನಿಂದ 100 ಕೆ.ಜಿ. ಎತ್ತಿದಂತಾಗುತ್ತದೆ. ಏರಿನ ತಿರುವಿನಲ್ಲಿ ಸ್ಟೇರಿಂಗ್ ಹಗುರಾಗಿ ಗಾಡಿ ನೇರ ಹೋಗಲು ನೋಡುವುದು ಇದರಿಂದಲೇ. ಮೂಟೆಗಳನ್ನು ಕ್ಯಾಬಿನ್ ಗೋಡೆಗೆ ಒತ್ತಿ ಶುರುಮಾಡಿ ಹಿಂದಕ್ಕೆ ಬನ್ನಿ, ಎರಡನೇ ಸಾಲನ್ನೂ ಮುಂದಿನಿಂದಲೇ ಏರಿಸಿ. ಇಳಿಸಲು ಸುಲಭವೆಂದು ಹಿಂಬಾಗಿಲ ಹತ್ತಿರ ರಾಶಿ ಹಾಕುವುದು ಕೆಟ್ಟ ಅಭ್ಯಾಸ. ವೇಬ್ರಿಡ್ಜ್‌ನಲ್ಲಿ ಹಿಂದಿನ ಚಕ್ರ ಮಾತ್ರ ಪ್ಲಾಟ್‌ಫಾರಂ ಮೇಲಿಟ್ಟು ಒಂದು ಸಲ ಓದಿಸಿದರೆ ಹಿಂದಿನ ಆಕ್ಸಲ್ ತೂಕ ಸಿಗುತ್ತದೆ. ಮುಂದಿನ ಚಕ್ರ ನಿಂತ ಜಾಗ ಪ್ಲಾಟ್‌ಫಾರಂ ಮಟ್ಟಕ್ಕೇ ಇರಬೇಕು, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಇಲ್ಲವಾದರೆ ಆ ಓದಿಗೆ ಬೆಲೆಯಿಲ್ಲ.

ದಾರಿಯಲ್ಲಿ ನಿಲ್ಲಿಸಿದರೆ? 114ನೇ ಕಲಂ ಪ್ರಕಾರ ಅಧಿಕಾರ ಪಡೆದ ಅಧಿಕಾರಿಗೆ ಓವರ್‌ಲೋಡ್ ಎಂದು ನಂಬಲು ಕಾರಣವಿದ್ದರೆ, ನೀವು ಮುಂದೆ ಹೋಗುವ ದಾರಿಯಿಂದ 10 ಕಿ.ಮೀ. ಒಳಗೆ, ಅಥವಾ ನೀವು ತಲುಪಬೇಕಾದ ಊರಿನಿಂದ 20 ಕಿ.ಮೀ. ಒಳಗೆ ಇರುವ ವೇಬ್ರಿಡ್ಜ್‌ಗೆ ಗಾಡಿ ಒಯ್ಯಲು ಹೇಳಬಹುದು. ನಿಂತ ಜಾಗದಲ್ಲಿ ವೇಬ್ರಿಡ್ಜ್ ಇಲ್ಲ, ಆದ್ದರಿಂದ ಬಿಡಿ ಎನ್ನಲು ಆಗದು. ನಿಲ್ಲಿಸದೆ ಹೋದರೆ, ತೂಕಕ್ಕೆ ಒಪ್ಪದಿದ್ದರೆ, ತೂಕಕ್ಕೆ ಮುಂಚೆ ನಾಲ್ಕು ಮೂಟೆ ಇಳಿಸಿಬಿಟ್ಟರೆ ದಂಡ 40,000 ರೂಪಾಯಿ, ಓವರ್‌ಲೋಡಿನ ಮೂಲ ದಂಡದ ಎರಡರಷ್ಟು. ವೇಬ್ರಿಡ್ಜ್ ಕಾಣುವ ಮೊದಲು ತಿರುವಿನಲ್ಲಿ ಮೂಟೆ ಇಳಿಸುವ ಉಪಾಯ ಹೇಳಿಕೊಡುವವರ ಮಾತು ದಯವಿಟ್ಟು ಕೇಳಬೇಡಿ.

ಶಾಂತವಾಗಿ ಜೊತೆಗೆ ಹೋಗಿ. ಗಾಡಿ ಹತ್ತುವ ಮುನ್ನ ಸೊನ್ನೆಯನ್ನು ನೀವೂ ನೋಡಿ. ಚೀಟಿಯಲ್ಲಿ ಗಾಡಿ ನಂಬರ್, ದಿನಾಂಕ, ಸಮಯ, ತೂಕ ಸರಿಯಿದೆಯೇ ಓದಿ, ಒಂದು ಪ್ರತಿ ಕೇಳಿ ಪಡೆಯಿರಿ, ಫೋನಿನಲ್ಲಿ ಫೋಟೋ ತೆಗೆಯಿರಿ. ಒಪ್ಪಿಗೆಯಾಗದಿದ್ದರೆ ಸರಕು ಇಳಿಸುವ ಮೊದಲೇ ಮರುತೂಕ ಕೇಳಬೇಕು. ಇಳಿಸಿದ ಮೇಲೆ ಸಾಕ್ಷ್ಯ ಉಳಿಯುವುದಿಲ್ಲ. ಕೇಸು ಒಪ್ಪದಿದ್ದರೆ ಸ್ಥಳದಲ್ಲಿ ಜಗಳ ಬೇಡ, ನ್ಯಾಯಾಲಯದಲ್ಲಿ ಆ ಚೀಟಿ ಇಟ್ಟು ಹೇಳಬಹುದು. ಆರ್‌ಸಿ, ವಿಮೆ, ಎಫ್‌ಸಿ (ಫಿಟ್‌ನೆಸ್ ಪತ್ರ), ಹೊಗೆ ತಪಾಸಣೆ ಪತ್ರ, ಲೈಸೆನ್ಸ್ ಡಿಜಿಲಾಕರ್‌ನಲ್ಲಿದ್ದರೆ ಸಾಕು.

ಹೆಚ್ಚುವರಿ ಸರಕನ್ನು ಇಳಿಸದೆ ಗಾಡಿ ಅಲುಗಾಡುವಂತಿಲ್ಲ, ಇಳಿಸಿದ ಸರಕಿನ ಹೊಣೆ ನಿಮ್ಮದೇ. 10–11 ಶೇಕಡ ತೇವಕ್ಕೆ ಒಣಗಿಸಿದ ಕಾಫಿ ರಸ್ತೆ ಬದಿಯಲ್ಲಿ ಮಳೆಗೆ ಸಿಕ್ಕರೆ ಆ ನಷ್ಟ ದಂಡಕ್ಕಿಂತ ದೊಡ್ಡದು. ಗಾಡಿಯಲ್ಲಿ ಒಂದು ಹೆಚ್ಚುವರಿ ಪ್ಲಾಸ್ಟಿಕ್ ಹಾಳೆ, ಬಂದು ಮೂಟೆ ಒಯ್ಯಬಲ್ಲ ಇನ್ನೊಂದು ಗಾಡಿಯವರ ನಂಬರ್ ಇರಲಿ. ಪರ್ಮಿಟ್ ಇರುವ ಗಾಡಿಯಾದರೆ ಓವರ್‌ಲೋಡ್ ವಿವರವನ್ನು ಪರ್ಮಿಟ್ ಮೇಲೆ ಬರೆದು, ಅದನ್ನು ಕೊಟ್ಟ ಕಚೇರಿಗೂ ತಿಳಿಸುತ್ತಾರೆ. ಡ್ರೈವರ್ ಲೈಸೆನ್ಸ್ ಅಮಾನತಿಗೂ ಇದು ಕಾರಣವಾಗುತ್ತದೆ. ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ಅಮಾನತು ಮಾಡಬೇಕೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಹೇಳಿದೆ. ಡ್ರೈವರ್ ಓಡಿಸುತ್ತಿದ್ದ, ನನಗೆ ಗೊತ್ತಿರಲಿಲ್ಲ ಎಂದರೂ ಮಾಲೀಕರ ಅರಿವಿನಲ್ಲೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಬಹುದು, ಕಲಂನಲ್ಲೇ ಹಾಗಿದೆ. ಆದ್ದರಿಂದ ಎಷ್ಟು ಮೂಟೆ ಎಂದು ನೀವೇ ಹೇಳಿ ಕಳಿಸಿ, ಆ ಜವಾಬ್ದಾರಿಯನ್ನು ಡ್ರೈವರ್ ತಲೆಗೆ ಕಟ್ಟಬೇಡಿ.

ಕೊಯ್ಲಿನ ದಿನಗಳಲ್ಲಿ ಮೂಟೆಗಳ ಮೇಲೆ ಕೆಲಸದವರನ್ನು ಕೂರಿಸಿ ಲೈನ್ ಮನೆಗೆ ಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಅದು ತೂಕಕ್ಕೂ ಸೇರುತ್ತದೆ, ಲೈಸೆನ್ಸ್ ಅಮಾನತಿಗೂ ಪ್ರತ್ಯೇಕ ಕಾರಣ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ಏನಾದರೂ ಆದರೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2003ರ ತೀರ್ಪಿನಲ್ಲಿ ಹೇಳಿದೆ. ಅವರಿಗೆ ಬೇರೆ ವಾಹನದ ವ್ಯವಸ್ಥೆ ಮಾಡಿ.

ಸರಕು ಬಾಡಿಯ ಪಕ್ಕಕ್ಕೋ ಹಿಂದಕ್ಕೋ ಮಿತಿ ಮೀರಿ ಚಾಚಿದರೆ ತೂಕ ಸರಿಯಿದ್ದರೂ 20,000 ರೂಪಾಯಿ ದಂಡವಿದೆ. ಏಣಿ, ಬಿದಿರು, ಸಿಲ್ವರ್ ಓಕ್ ದಿಮ್ಮಿ ಸಾಗಿಸುವಾಗ ಇದನ್ನು ನೆನಪಿಡಿ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಘಾಟಿ ರಸ್ತೆಗಳಿಗೆ ತಾತ್ಕಾಲಿಕ ನಿರ್ಬಂಧ ಹೊರಡಿಸಿದಾಗ ಆದೇಶವನ್ನು ಪೂರ್ತಿ ಓದಿ. ತೂಕದ ಮಿತಿಯಿಂದ ಪಿಕಪ್ ಹೊರಗುಳಿದರೂ ಮರ, ಮರಳಿನಂಥ ಸರಕಿನ ಹೆಸರು ಪ್ರತ್ಯೇಕವಾಗಿ ಅದರಲ್ಲಿರಬಹುದು. ಹಾಗಿದ್ದರೆ ಎಂ-ಸ್ಯಾಂಡ್ ಮಳೆಗೆ ಮುಂಚೆಯೇ ತರಿಸಿ ಇಟ್ಟುಕೊಳ್ಳಿ.